ತಲೆಯೊಳಗೆ ಕೂತು ಬೈಯುವ ಮಾಸ್ತರನಿಗೆ ಏನು ಉತ್ತರ ಕೊಡಲಿ?

ಗುಬ್ಬವ್ವ, ಬೆಳಗಾವಿ

ನನಗೆ 31 ವರ್ಷ. ಟಿಳಕವಾಡಿ ಹತ್ತಿರ ರೂಮ್ ಮಾಡಿಕೊಂಡಿದ್ದೇನೆ. ಒಂದು ಖಾಸಗಿ ಕಚೇರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಬಿಲ್ ಬರುತ್ತವೆ, ಟ್ಯಾಲಿಯಲ್ಲಿ ಹಾಕುತ್ತೇನೆ, ಸಂಜೆ ಬಸ್ ಹಿಡಿಯುತ್ತೇನೆ.

ಹೋದ ತಿಂಗಳು 18,500 ರೂಪಾಯಿಯ ಬಿಲ್ಲನ್ನು 81,500 ಎಂದು ಹಾಕಿಬಿಟ್ಟೆ. ಅಂಗಡಿಯವರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಪುಣ್ಯಕ್ಕೆ ಹಣ ಇನ್ನೂ ಹೋಗಿರಲಿಲ್ಲ. ಸರ್ "ಸರಿ ಮಾಡ್ರಿ" ಎಂದು ಚಹಾ ಕುಡಿಯಲು ಹೋದರು. ಅವರು ಅವತ್ತೇ ಮರೆತರು. ನಾನು ಮರೆತಿಲ್ಲ.

ನನ್ನ ತಲೆಯಲ್ಲಿ ಒಂದು ದನಿ ಇದೆ. ಐದನೇ ಕ್ಲಾಸಿನ ಗಣಿತ ಮಾಸ್ತರದು. "ತಲಿಯಾಗ ಸಗಣಿ ತುಂಬೇತೇನ? ನಿನ್ನ ಕಡಿಂದ ಏನೂ ಆಗೂದಿಲ್ಲ ತಗೋ." ನಿಜವಾದ ಮಾಸ್ತರು ಇದನ್ನು ನಾಲ್ಕೈದು ಸಲ ಹೇಳಿರಬಹುದು. ಆಮೇಲಿನ 20 ವರ್ಷ ನಾನೇ ಹೇಳಿಕೊಂಡು ಬಂದಿದ್ದೇನೆ. ಹಾಲು ಉಕ್ಕಿದರೂ ಅದೇ ಮಾತು, ಬಸ್ ತಪ್ಪಿದರೂ ಅದೇ ಮಾತು. (ಒಳಗಿನವನಿಗೆ ನಾನು ಬಹುವಚನ ಕೊಡುವುದಿಲ್ಲ. ಅಷ್ಟಾದರೂ ಸೇಡು ಇರಲಿ.)

ಒಂದು ವಿಡಿಯೋ ನೋಡಿ ಕನ್ನಡಿಗೆ ಚೀಟಿ ಅಂಟಿಸಿದೆ. "ನಾನು ಸಮರ್ಥಳು. ನಾನು ಅದ್ಭುತ ವ್ಯಕ್ತಿ." ದಿನಾ ಬೆಳಿಗ್ಗೆ ಹತ್ತು ಸಲ ಹೇಳಬೇಕಂತೆ. ಮೂರನೇ ದಿನ ನಗು ಬಂತು. ಐದನೇ ದಿನ ಅಳು ಬಂತು. "ಹೌದೇನವಾ ಅದ್ಭುತ? 81,500 ಯಾರ ಹಾಕಿದ್ದು?" ಅಂತಾನೆ ಅವನು. ಚೀಟಿ ಕಿತ್ತು ಹಾಕಿದೆ. ಅಂಟು ಇನ್ನೂ ಕನ್ನಡಿ ಮೇಲಿದೆ.

ನಿಮ್ಮಲ್ಲಿ ಯಾರಿಗಾದರೂ ಇದು ಕಡಿಮೆ ಆಗಿದೆಯಾ? ಏನು ಮಾಡಿದಿರಿ? "ಪಾಸಿಟಿವ್ ಆಗಿರಿ" ಅಂತ ಮಾತ್ರ ಹೇಳಬೇಡಿ, ಕೈ ಮುಗಿಯುತ್ತೇನೆ.

ಕೋಟೆಕೆರೆ ವಾಕರ್

ಪಾಸಿಟಿವ್ ಆಗಿರಿ ಅಂತ ಹೇಳೋಕೇ ಬಂದಿದ್ದೆ. ಈಗ ಏನು ಹೇಳಲಿ? ಬೆಳಿಗ್ಗೆ ಆರಕ್ಕೆ ಕೋಟೆ ಕೆರೆ ಕಡೆ ಬಂದು ಒಂದು ರೌಂಡ್ ಹಾಕಿ. ಮಾಸ್ತರ ಅಷ್ಟು ಬೇಗ ಏಳೋದಿಲ್ಲ.

ನಿವೃತ್ತ ಕ್ಯಾಷಿಯರ್, ಗೋಕಾಕ

ತಂಗಿ, ಬ್ಯಾಂಕಿನಲ್ಲಿ 33 ವರ್ಷ ಕೂತವನು ನಾನು. 81,500ರಲ್ಲಿ 18,500 ಕಳೆಯಿರಿ. 63,000. ಅದನ್ನು ಒಂಬತ್ತರಿಂದ ಭಾಗಿಸಿ. ಸರಿಯಾಗಿ 7,000, ಶೇಷ ಇಲ್ಲ. ಎರಡು ಅಂಕಿ ಅದಲು ಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಲೆಡ್ಜರ್ ಕಾಲದಲ್ಲಿ ಸಂಜೆ ಲೆಕ್ಕ ಕೂಡದಿದ್ದರೆ ನಾವು ಮೊದಲು ನೋಡುತ್ತಿದ್ದದ್ದೇ ಇದನ್ನು. ನಾನು ಸೇರಿದ ವಾರವೇ ಹಿರಿಯರೊಬ್ಬರು ಹೇಳಿಕೊಟ್ಟಿದ್ದರು.

ಈ ಉಪಾಯ ಯಾಕೆ ಹುಟ್ಟಿತು ಹೇಳಿ? ಲೆಕ್ಕ ಬರೆಯುವವರೆಲ್ಲ ಇದೇ ತಪ್ಪು ಮಾಡುತ್ತಾ ಬಂದಿದ್ದಾರೆ, ಅದಕ್ಕೆ. ಅವರೆಲ್ಲರ ತಲೆಯಲ್ಲೂ ಸಗಣಿ ಇತ್ತಾ?

ಆದರೂ ಒಂದು ಮಾತು. ಬೈದುಕೊಳ್ಳೋದನ್ನು ಪೂರ್ತಿ ಬಿಡಬೇಡಿ. ಸ್ವಲ್ಪ ಭಯ ಇದ್ದರೇ ಕೆಲಸ ನೆಟ್ಟಗಾಗೋದು. ಇಲ್ಲದಿದ್ದರೆ ಮೈಗಳ್ಳತನ ಬರುತ್ತದೆ.

ಕಸೂತಿ ಅಕ್ಕ, ಬಾಗಲಕೋಟೆ

ತಂಗಿ, ನಾನು ನವನಗರದಲ್ಲಿ ಕಸೂತಿ ಹೇಳಿಕೊಡುತ್ತೇನೆ. ಮಧ್ಯಾಹ್ನ ಮನೆಕೆಲಸ ಮುಗಿಸಿ ಐದಾರು ಜನ ಬರುತ್ತಾರೆ. ನಿಮ್ಮ ಮಾಸ್ತರನಂಥವಳು ನನ್ನೊಳಗೂ ಒಬ್ಬಳಿದ್ದಾಳೆ. ಯಾರ ದನಿ ಅಂತ ಹೇಳಿದರೆ ಮನೆಯಲ್ಲಿ ಜಗಳ ಆಗುತ್ತದೆ, ಬಿಡಿ.

ನನ್ನ ಮಗಳು ಏಳನೇ ಕ್ಲಾಸಿನಲ್ಲಿದ್ದಾಗಿನ ಮಾತು. ನಾನು ಸೆರಗಿಗೆ ಗೋಪುರ ಹಾಕುತ್ತಾ ಕೂತಿದ್ದೆ. ಎಳೆ ತಪ್ಪಿತು. ರೂಢಿಯಂತೆ ಜೋರಾಗಿ "ಎಂಥಾ ಹುಚ್ಚಿ ಅದೀನಿ ನಾ, ಕಣ್ಣ ಕುರುಡ ಆಗ್ಯಾವೇನ" ಅಂದೆ. ಅದೇ ವಾರ ಮಗಳು ಪಕ್ಕದ ಕೋಣೆಯಲ್ಲಿ ಲೆಕ್ಕ ಮಾಡುತ್ತಿದ್ದಳು. ರಬ್ಬರ್ ಉಜ್ಜುವ ಸದ್ದು. ಅದರ ಹಿಂದೆಯೇ "ಎಂಥಾ ಹುಚ್ಚಿ ಅದೀನಿ ನಾ, ಕಣ್ಣ ಕುರುಡ ಆಗ್ಯಾವೇನ." ರಾಗವೂ ನನ್ನದೇ. ಅವಳಿಗೆ ನಾನು ಒಂದು ದಿನವೂ ಹುಚ್ಚಿ ಅಂದವಳಲ್ಲ. ನನಗೆ ನಾನು ಅಂದುಕೊಂಡದ್ದನ್ನು ಕೇಳಿ ಕಲಿತಿದ್ದಳು. ಅವತ್ತು ನನಗೆ ಊಟ ಸೇರಲಿಲ್ಲ.

ಕಸೂತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳೋದಿಲ್ಲ, ಎಳೆ ಎಣಿಸಿಯೇ ಹಾಕೋದು. ಗವಂತಿ ಅನ್ನೋ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬೋದು. ಗಂಟು ಹಾಕುವಂತಿಲ್ಲ. ಮೇಲೂ ಕೆಳಗೂ ಒಂದೇ ಥರ ಕಾಣಬೇಕು. ಹೋಗುವಾಗ ಒಂದೇ ಒಂದು ಎಳೆ ಹೆಚ್ಚು ಕಡಿಮೆ ಆದರೂ ಬರುವಾಗ ದಾರಿ ಕೂಡೋದಿಲ್ಲ. ಹಾಗಾಗಿ ಬಿಚ್ಚೋದು ನಮಗೆ ದಿನದ ಕೆಲಸ. ಎಷ್ಟು ವರ್ಷ ಹಾಕಿದರೂ ಬಿಚ್ಚೋದು ತಪ್ಪಿದ್ದಲ್ಲ.

ಆವತ್ತು ರಾತ್ರಿ ಯೋಚನೆ ಮಾಡಿದೆ. ಕಲಿಯೋಕೆ ಬಂದವರು ತಪ್ಪಿದರೆ ನಾನು ಏನಂತೀನಿ? "ಎಲ್ಲಿ, ತೋರಸವಾ. ಹಾಂ, ಇಲ್ಲಿ ನಾಕ ಎಳಿ ಬದ್ಲಿ ಐದ ಹಿಡದಿ. ಇಲ್ಲಿ ಮಟ ಬಿಚ್ಚು. ಉಳದದ್ದ ಚಲೋ ಐತಿ." ಅಷ್ಟೇ. ನೀನು ದೊಡ್ಡ ಕಲಾವಿದೆ ಅಂತ ಹೊಗಳೋದೂ ಇಲ್ಲ, ಹುಚ್ಚಿ ಅಂತ ಬೈಯೋದೂ ಇಲ್ಲ. ತಪ್ಪು ಎಲ್ಲಿದೆ, ಎಲ್ಲಿ ತನಕ ಬಿಚ್ಚಬೇಕು, ಏನು ಉಳಿಯಿತು. ಊರ ಹುಡುಗಿಯರಿಗೆ ಹೇಳೋ ಮಾತನ್ನು ನನಗೆ ನಾನು ಒಂದು ಸಲವೂ ಹೇಳಿಕೊಂಡಿರಲಿಲ್ಲ.

ಮೊದಮೊದಲು ಬಾಯಿಗೇ ಬರಲಿಲ್ಲ. ಬೈಗುಳ ಮುಂದೆ, ಒಳ್ಳೆ ಮಾತು ಏದುಸಿರು ಬಿಡುತ್ತಾ ಹಿಂದೆ. ಈಗಲೂ ಬೈಗುಳ ನಿಂತಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಈಗ ಅದು ಒಬ್ಬಂಟಿಯಾಗಿ ಬರೋದಿಲ್ಲ.

ನಿಮ್ಮ ಚೀಟಿ ಯಾಕೆ ಕೆಲಸ ಮಾಡಲಿಲ್ಲ ಅಂತ ನನಗೆ ಅನ್ನಿಸಿದ್ದು ಹೇಳಲಾ? ಮಾಸ್ತರ ಮನೆ ಮಾತಿನಲ್ಲಿ ಬೈತಾನೆ. ನೀವು ರೇಡಿಯೋ ವಾರ್ತೆಯ ಕನ್ನಡದಲ್ಲಿ ಉತ್ತರ ಕೊಡುತ್ತೀರಿ. "ನಾನು ಸಮರ್ಥಳು" ಅಂತ ನಮ್ಮ ಕಡೆ ಯಾರು ಮಾತಾಡ್ತಾರೆ? ನಿಮ್ಮ ಮೇಲೆ ಜೀವ ಇಟ್ಟವರು ಯಾರು, ಅವರು ನಿಮ್ಮನ್ನು ಏನಂತ ಕರೀತಿದ್ದರು? ಆ ಹೆಸರಿಂದಲೇ, ಅವರ ಮಾತಲ್ಲೇ ಹೇಳಿಕೊಳ್ಳಿ. ಇಲ್ಲಿ ನೀವು ಇಟ್ಟುಕೊಂಡ ಹೆಸರು ನೋಡಿದರೆ ಅಂಥವರೊಬ್ಬರು ಇದ್ದ ಹಾಗಿದೆ.

ಗೋಕಾಕದ ಅಣ್ಣಾರ, ಭಯ ಬೇಕು ಅಂದಿರಿ. ಬೈಸಿಕೊಂಡ ಹುಡುಗಿಯ ಸೂಜಿ ನಡುಗೋದನ್ನು ನಾನು ನೋಡಿದ್ದೇನೆ. ನಡುಗುವ ಕೈಗೆ ಎಳೆ ಸಿಗೋದಿಲ್ಲ.

ಗೋಳಗುಮ್ಮಟದ ಪಕ್ಕದವಳು, ವಿಜಯಪುರ

ಸೈಕಾಲಜಿ ಓದಿದ್ದೇನೆ, ಅದಕ್ಕೆ ನಾಲ್ಕು ಮಾತು. ಕಸೂತಿ ಅಕ್ಕ ಕೈಯಿಂದ ಕಂಡುಕೊಂಡದ್ದನ್ನು ನಾವು ಪುಸ್ತಕದಲ್ಲಿ ಓದಿದೆವು, ಅಷ್ಟೇ ವ್ಯತ್ಯಾಸ.

ಚೀಟಿ ವಿಷಯ. 2009ರಲ್ಲಿ ಕೆನಡಾದ ಜೋಆನ್ ವುಡ್ ಮತ್ತು ಜೊತೆಯವರು ಒಂದು ಪ್ರಯೋಗ ಮಾಡಿದರು. "ನಾನು ಪ್ರೀತಿಗೆ ಯೋಗ್ಯ" ಎಂಬ ಅರ್ಥದ ಮಾತನ್ನು ಜನರಿಂದ ಮತ್ತೆ ಮತ್ತೆ ಹೇಳಿಸಿದರು. ತಮ್ಮ ಬಗ್ಗೆ ಮೊದಲೇ ಕೀಳಾಗಿ ಅಂದುಕೊಂಡಿದ್ದವರಿಗೆ ಅದರಿಂದ ಬೇಜಾರು ಜಾಸ್ತಿಯೇ ಆಯಿತು. ನಿಮ್ಮ ಐದನೇ ದಿನದ ಅಳು ನಿಮ್ಮೊಬ್ಬರದಲ್ಲ.

ಹೆಸರು ಹಿಡಿದು ಕರೆದುಕೊಳ್ಳುವುದಕ್ಕೂ ಆಧಾರ ಇದೆ. ಅಮೆರಿಕದ ಈಥನ್ ಕ್ರಾಸ್ ತಂಡ 2014ರಲ್ಲಿ ಪ್ರಕಟಿಸಿದ್ದು. ಭಾಷಣಕ್ಕೆ ಮುಂಚೆ "ನಾನು" ಅನ್ನೋದು ಬಿಟ್ಟು ತಮ್ಮ ಹೆಸರು ಹಿಡಿದು ಮಾತಾಡಿಕೊಂಡವರಿಗೆ ಗಾಬರಿ ಕಡಿಮೆ ಆಯಿತು, ಭಾಷಣವೂ ಚೆನ್ನಾಗಿ ಬಂತು. ಬೇರೆಯವರ ಕಷ್ಟಕ್ಕೆ ನಮಗೆ ಬೇಗ ದಾರಿ ಹೊಳೆಯುತ್ತದೆ ಅಲ್ವಾ? ಹಾಗೇ ಇದು.

ಕ್ಯಾಷಿಯರ್ ಕಾಕಾ, ಮೈಗಳ್ಳತನದ ಭಯ ಎಲ್ಲರಿಗೂ ಇರುತ್ತದೆ. ಆದರೆ 2012ರಲ್ಲಿ ಜೂಲಿಯಾನಾ ಬ್ರೈನ್ಸ್, ಸೆರೀನಾ ಚೆನ್ ಎಂಬಿಬ್ಬರು ವಿದ್ಯಾರ್ಥಿಗಳಿಗೆ ಕಷ್ಟದ ಶಬ್ದಗಳ ಪರೀಕ್ಷೆ ಕೊಟ್ಟು ನೋಡಿದರು. ಕೆಟ್ಟದಾಗಿ ಮಾಡಿದ ಮೇಲೆ "ಇಂಥದ್ದು ಎಲ್ಲರಿಗೂ ಆಗುತ್ತದೆ, ನಿನ್ನ ಮೇಲೆ ಕಠಿಣವಾಗಬೇಡ" ಎಂಬ ಮಾತು ಕೇಳಿಸಿಕೊಂಡವರು ಎರಡನೇ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು. ನಿಮ್ಮ ಒಂಬತ್ತರ ಲೆಕ್ಕವೂ ಅದನ್ನೇ ಅಲ್ವಾ ಹೇಳೋದು?

ಗುಬ್ಬವ್ವ, ಇನ್ನೊಂದು ಮಾಡಿ. ಮಾಸ್ತರ "ಏನೂ ಆಗೂದಿಲ್ಲ" ಅಂತಾನಲ್ಲ, ಆ "ಏನೂ" ಎಷ್ಟು ಅಂತ ಬರೆದು ನೋಡಿ. ಆರನ್ ಬೆಕ್ ಎಂಬ ಡಾಕ್ಟರು 1960ರ ದಶಕದಲ್ಲಿ ಶುರು ಮಾಡಿದ ಚಿಕಿತ್ಸೆಯ ತಿರುಳು ಇದೇ. ತಾನಾಗಿ ಬರುವ ಯೋಚನೆಯನ್ನು ಹಿಡಿದು ಕೂರಿಸಿ ಸಾಕ್ಷಿ ಕೇಳೋದು. ಅಕೌಂಟ್ಸ್‌ನವರಿಗೆ ಇದು ಕಷ್ಟ ಆಗಬಾರದು.

ಎರಡು ವಾರಕ್ಕೂ ಮೇಲೆ ದಿನವಿಡೀ ಬೇಜಾರು ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸಿದರೆ ಇಂಥ ಮಾತುಗಳನ್ನೇ ನಂಬಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಕೂಡ ದೂರವಿಲ್ಲ.

ಗುಬ್ಬವ್ವ, ಬೆಳಗಾವಿ

ತಿಂಗಳ ಕೊನೆ ಅಂತ ಈ ಕಡೆ ಬರೋಕೆ ಆಗಲಿಲ್ಲ. ಬೇಜಾರು ಮಾಡ್ಕೋಬೇಡಿ. ನಿದ್ದೆ ಊಟಕ್ಕೆ ತೊಂದರೆ ಇಲ್ಲ. ನಂಬರ್ ಬರೆದಿಟ್ಟುಕೊಂಡಿದ್ದೇನೆ.

ಗುಬ್ಬವ್ವ ಅಂತ ಕರೆಯುತ್ತಿದ್ದವಳು ನಮ್ಮ ಆಯಿ, ಅವ್ವನ ಅವ್ವ. ನಾನು ಏನು ಒಡೆದರೂ "ಹೋಗ್ಲಿ ತಗೋ ಗುಬ್ಬವ್ವಾ, ಅದರ ಆಯುಷ್ಯ ಅಷ್ಟ ಇತ್ತು" ಅನ್ನೋಳು. ಅಕ್ಕ ಕೇಳುವ ತನಕ ಆ ಮಾತು ನೆನಪೇ ಇರಲಿಲ್ಲ. ಮಾಸ್ತರು ನಾಲ್ಕು ಸಲ ಅಂದದ್ದು ನೆನಪಿದೆ, ಆಯಿ ಸಾವಿರ ಸಲ ಅಂದದ್ದು ಮರೆತಿದ್ದೆ.

ಟ್ಯಾಲಿ ತೆಗೆದು ಎಣಿಸಿದೆ. ಆ 81,500ರ ತಿಂಗಳು ಹಾಕಿದ್ದು 386 ಬಿಲ್. ತಪ್ಪಿದ್ದು ಎರಡು. ಎರಡನೆಯದು ಸರ್‌ಗೂ ಗೊತ್ತಿರಲಿಲ್ಲ, ಎಣಿಸುವಾಗ ಸಿಕ್ಕಿತು, ಹೇಳಿ ಸರಿ ಮಾಡಿದೆ. "ನೋಡಿದಿ, ಎರಡ!" ಅಂದ ಮಾಸ್ತರ. ಅವನಿಗೆ ಎಷ್ಟು ಕೊಟ್ಟರೂ ಸಾಲದು.

ನಿನ್ನೆ 6,430 ಬದಲು 6,340 ಹಾಕಿದ್ದೆ. 90 ರೂಪಾಯಿ ವ್ಯತ್ಯಾಸ ಬಂತು. ಕ್ಯಾಷಿಯರ್ ಅಣ್ಣಾರ ನೆನಪಾಗಿ ಒಂಬತ್ತರಿಂದ ಭಾಗಿಸಿದೆ. ಎರಡು ನಿಮಿಷದಲ್ಲಿ ಸಿಕ್ಕಿತು. "ಹೋಗ್ಲಿ ತಗೋ ಗುಬ್ಬವ್ವಾ, ಉಳದದ್ದ ಚಲೋ ಐತಿ" ಅಂದುಕೊಂಡೆ. ಸ್ವಲ್ಪ ಜೋರಾಗಿಯೇ ಅಂದೆ ಅನ್ನಿಸುತ್ತದೆ. ಪಕ್ಕದ ಟೇಬಲ್ಲಿನವರು "ಗುಬ್ಬವ್ವ ಯಾರ್ರೀ ಮೇಡಂ?" ಅಂತ ಕೇಳಿದರು.

ಇನ್ನೊಂದು ಪ್ರಶ್ನೆ. ಕನ್ನಡಿ ಮೇಲಿನ ಅಂಟು ನೀರಿಗೆ ಹೋಗ್ತಾ ಇಲ್ಲ. ಏನು ಹಚ್ಚಬೇಕು?

ಕೋಟೆಕೆರೆ ವಾಕರ್

ಕೊಬ್ಬರಿ ಎಣ್ಣೆ. ಹಚ್ಚಿ ಅರ್ಧ ತಾಸು ಬಿಡಿ, ಆಮೇಲೆ ಬಟ್ಟೆಯಿಂದ ಒರೆಸಿ. ಉಗುರಿನಿಂದ ಕೆರೆಯಬೇಡಿ.