ಸಹಾಯ ಬೇಕು: ಹಳೇ ಟ್ರ್ಯಾಕ್ಟರ್ ಕೊಟ್ಟು ದೊಡ್ಡದು ತಗೊಳ್ಳೋದು

ನಮ್ಮದು 35 ಎಚ್‌ಪಿ ಟ್ರ್ಯಾಕ್ಟರ್. ಗಂಟೆ ಮೀಟರ್ 4,200 ದಾಟಿದೆ, ಎಂಜಿನ್ ಇನ್ನೂ ಗಟ್ಟಿ. ಆದರೆ ಗಟ್ಟಿ ನೆಲದಲ್ಲಿ ಮಣ್ಣು ಪುಡಿ ಮಾಡೋ ರೋಟಾವೇಟರ್ ಇಳಿಸಿದರೆ ಏದುಸಿರು ಬಿಡುತ್ತೆ. 50 ಎಚ್‌ಪಿಗೆ ಹೋಗೋಣ ಅಂತಿದ್ದೇನೆ.

ಡೀಲರ್ ಎಕ್ಸ್‌ಚೇಂಜ್‌ಗೆ ಒಪ್ಪಿದ್ದಾರೆ, ಆದರೆ ಹೊಸದರ ರಿಯಾಯಿತಿಯನ್ನೂ ಹಳೆಯದರ ಬೆಲೆಯನ್ನೂ ಕಲಸಿ ಒಂದೇ ಮೊತ್ತ ಹೇಳ್ತಾರೆ. ಅಲ್ಲೇ ನನಗೆ ಅನುಮಾನ! ಬೇರೆ ಬೇರೆಯಾಗಿ ಬರೆಸಿಕೊಳ್ಳೋದು ಹೇಗೆ? ಇಲ್ಲ, ನಾನೇ ಹೊರಗೆ ಮಾರಿದರೆ ಒಳ್ಳೆಯದಾ?

ಇನ್ನೊಂದು ತಲೆಬಿಸಿ: ನನ್ನ ಸಲಕರಣೆಗಳೆಲ್ಲ ಕೆಟಗರಿ 1 (ಟ್ರ್ಯಾಕ್ಟರ್ ಹಿಂದೆ ಸಲಕರಣೆ ಜೋಡಿಸೋ ಕೊಂಡಿಯ ಅಳತೆ), ಕೆಳಗಿನ ಪಿನ್ 22 ಮಿ.ಮೀ. ದೊಡ್ಡ ಟ್ರ್ಯಾಕ್ಟರ್ ಕೆಟಗರಿ 2 ಆದರೆ 28 ಮಿ.ಮೀ. ಪಿನ್ ಮೇಲೆ ಬುಷ್ (ದಪ್ಪ ಸರಿಹೊಂದಿಸೋ ಲೋಹದ ಕೊಳವೆ) ಹಾಕಿ ನಡೆಸಿದವರು ಇದ್ದೀರಾ? ಪಿಟಿಒ (ಸಲಕರಣೆ ತಿರುಗಿಸೋ ಹಿಂದಿನ ಶಾಫ್ಟ್) ಎಚ್‌ಪಿ ಎಂಜಿನ್ ಎಚ್‌ಪಿಗಿಂತ ಕಡಿಮೆ ಅಂತ ಗೊತ್ತು. ರೋಟಾವೇಟರ್‌ಗೆ ಅದನ್ನೇ ನೋಡಬೇಕಲ್ವಾ? ಬದಲಾಯಿಸಿದವರು ದಯವಿಟ್ಟು ಹೇಳಿ.