ಫಿಲ್ಟರ್ ಹಾಕಿದ್ರೂ 137.9ರಲ್ಲಿ ಎಫ್‌ಎಂ ಹಾಡು! ಯಾವ ನಾಚ್ ಫಿಲ್ಟರ್ ತಗೊಳ್ಳಲಿ?

ತಾರಸಿ_ತಂತಿ:
ಮೂರು ವಾರದಿಂದ ತಲೆ ಕೆಟ್ಟಿದೆ. ನೋವಾ ಹವಾಮಾನ ಉಪಗ್ರಹಗಳು 2025ರಲ್ಲಿ ನಿಂತುಹೋದವು, ಸರಿ, ರಷ್ಯಾದ ಹವಾಮಾನ ಉಪಗ್ರಹ ಮೀಟಿಯರ್ ಎಂ2-3 ಕಳಿಸೋ ಚಿತ್ರ ಹಿಡಿಯೋಣ ಅಂತ ವಿ-ಡೈಪೋಲ್ (ವಿ ಆಕಾರದ ಆಂಟೆನಾ) ಕಟ್ಟಿದೆ. ಒಂದೊಂದು ಕೈ 53 ಸೆಂ.ಮೀ., ನಡುವೆ 120 ಡಿಗ್ರಿ. ಅದು ಸಿಗೋ 137.9 ಮೆಗಾಹರ್ಟ್ಸ್‌ಗೆ ಹೋದರೆ ಎರಡು ಎಫ್‌ಎಂ ಸ್ಟೇಷನ್ ಕಲಸಿದ ಹಾಗೆ ಹರಕು ಹಾಡು. ಎಫ್‌ಎಂ ಟವರ್ ನಮ್ಮ ಮನೆ ಹಿಂದೇನೇ ಇದೆ. ದುಡ್ಡು ಕೊಟ್ಟು 88-108 ನಾಚ್ ಫಿಲ್ಟರ್ (ಆ ಎಫ್‌ಎಂ ಬ್ಯಾಂಡ್ ಮಾತ್ರ ತಡೆಯೋದು) ತರಿಸಿ ಡಾಂಗಲ್‌ಗೆ (ಲ್ಯಾಪ್‌ಟಾಪ್‌ಗೆ ಚುಚ್ಚೋ ಯುಎಸ್‌ಬಿ ರೇಡಿಯೋ) ಸಿಕ್ಕಿಸಿದೆ. ಏನೂ ವ್ಯತ್ಯಾಸ ಇಲ್ಲ. ಇದಕ್ಕಿಂತ ಒಳ್ಳೇ ಫಿಲ್ಟರ್ ಯಾವುದು ಅಂತಷ್ಟೇ ಹೇಳಿ.

ಹಳೇವಾಲ್ವ್:
ತಪ್ಪು ಫಿಲ್ಟರ್‌ದಲ್ಲ ಗುರು, ಎಲ್‌ಇಡಿ ಬಲ್ಬ್‌ದು, ಅದೂ ರೇಡಿಯೋ ಗದ್ದಲ ಎಬ್ಬಿಸುತ್ತೆ. ಮೇನ್ ಸ್ವಿಚ್ ಆಫ್ ಮಾಡಿ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನೋಡಿ.

ತಾರಸಿ_ತಂತಿ:
ಬಲ್ಬ್ ಹಾಡು ಹೇಳುತ್ತಾ ಸರ್?

ಹಳೇವಾಲ್ವ್:
ನಗಬೇಡಿ. ನಮ್ಮ ಬೀದಿಯಲ್ಲಿ ಒಂದು ಬಲ್ಬ್ ಬದಲಾಯಿಸಿದ್ದಕ್ಕೆ ಇಡೀ ಬ್ಯಾಂಡ್ ಕ್ಲೀನ್ ಆಯ್ತು. ಮೊದಲು ಆಫ್ ಮಾಡಿ.

ಬೆಸುಗೆ:
ಡಾಂಗಲ್ ಗೇನ್ (ಸಿಗ್ನಲ್ ಹಿಗ್ಗಿಸೋ ಮಟ್ಟ) ಎಷ್ಟಿದೆ? ಗರಿಷ್ಠ 49.6 ಡಿಬಿಯಲ್ಲೇ ಇಟ್ಟಿದ್ದರೆ 8 ಬಿಟ್ ಡಾಂಗಲ್ ಆ ಟವರ್ ಮುಂದೆ ಉಸಿರು ಬಿಡೋಕೂ ಆಗಲ್ಲ. ಒಂದು 10 ಡಿಬಿ ಇಳಿಸಿ ನೋಡಿ. ಹಾಡು ಡಾಂಗಲ್ ಒಳಗೆ ಹುಟ್ಟುತ್ತಿದ್ದರೆ 10ಕ್ಕಿಂತ ತುಂಬಾ ಜಾಸ್ತಿ ಕುಸಿಯಬೇಕು.

ತಾರಸಿ_ತಂತಿ:
ಇಳಿಸಿದೆ. ಹಾಡೂ ಸರಿಯಾಗಿ 10 ಇಳಿಯಿತು.

ಕಡಲತಡಿ:
ಹಾಗಾದರೆ ಅದು ಗಾಳಿಯಲ್ಲೇ ಇದೆ ಮಾರಾಯ್ರೆ. ಎಫ್‌ಎಂ ಎಫ್‌ಎಂ ಬೆರೆತು ಇಲ್ಲಿಗೆ ಬರೋಕೆ ಸಾಧ್ಯವೇ ಇಲ್ಲ. ಲೆಕ್ಕ ಹಾಕಿ, ಎರಡು ಸ್ಟೇಷನ್ ಬೆರೆತಾಗ ಒಂದರ ಎರಡು ಪಟ್ಟಿನಿಂದ ಇನ್ನೊಂದನ್ನು ಕಳೆದ ಕಡೆ ಹುಟ್ಟೋ ಸುಳ್ಳು ಸಿಗ್ನಲ್ಲೇ ಮೂರನೇ ದರ್ಜೆ; 2×108−88, ಅದು 128ಕ್ಕೇ ಮುಗಿಯಿತು.

ಬೆಸುಗೆ:
ಐದನೇ ದರ್ಜೆ ಮರೆತಿರಾ? 3×106−2×90, ಅಲ್ಲಿಗೆ 138.

ಕಡಲತಡಿ:
ಐದನೇ ದರ್ಜೆ ಅಷ್ಟು ಜೋರಾಗಿ ಎಲ್ಲಿ ಬರುತ್ತೆ? ಪುಸ್ತಕದಲ್ಲಿ ಬರುತ್ತೆ.

ಬೆಸುಗೆ:
ಟವರ್ ಹಿತ್ತಲಲ್ಲಿದ್ದರೆ ಮನೇಲೂ ಬರುತ್ತೆ. ತಂತಿ ಅವರೇ, ಡಾಂಗಲ್‌ಗಿಂತ ಮುಂಚೆ ಇನ್ನೇನಾದರೂ ಇದೆಯಾ?

ತಾರಸಿ_ತಂತಿ:
ಎಲ್‌ಎನ್‌ಎ (ಸಣ್ಣ ಸಿಗ್ನಲ್ ಹಿಗ್ಗಿಸೋ ಆಂಪ್ಲಿಫೈಯರ್) ಇದೆ, ಮೇಲೆ ಆಂಟೆನಾ ಬುಡದಲ್ಲಿ. ಬಯಾಸ್ ಟೀ ಪವರ್, ಅಂದ್ರೆ ಆಂಟೆನಾ ಕೇಬಲ್‌ನಲ್ಲೇ ಮೇಲಕ್ಕೆ ಕರೆಂಟ್. ಎಲ್‌ಎನ್‌ಎ ಎಲ್ಲರ ಹತ್ತಿರಾನೂ ಇರುತ್ತಲ್ವಾ, ಅದಕ್ಕೇ ಬರೀಲಿಲ್ಲ.

ಬೆಸುಗೆ:
ಅಯ್ಯೋ! ಕಲಸು ಮೇಲೋಗರ ಆಗುತ್ತಿರೋದು ಎಲ್‌ಎನ್‌ಎಯಲ್ಲಿ, ನೀವು ಕೆಳಗೆ ಡಾಂಗಲ್ ಹತ್ತಿರ ಸೋಸುತ್ತಾ ಕೂತಿದ್ದೀರಿ. 137.9ರಲ್ಲಿ ಹುಟ್ಟಿಬಿಟ್ಟ ಮೇಲೆ ಎಫ್‌ಎಂ ಫಿಲ್ಟರ್ ಅದನ್ನು ಹೇಗೆ ತಡೆಯುತ್ತೆ? ಹೊಸದೇನೂ ಕೊಳ್ಳಬೇಡಿ. ಇರೋದನ್ನೇ ಆಂಟೆನಾ ಮತ್ತು ಎಲ್‌ಎನ್‌ಎ ನಡುವೆ ಹಾಕಿ.

ಹಳೇವಾಲ್ವ್:
ಮಳೆಯಲ್ಲಿ ಫಿಲ್ಟರ್ ಯಾಕೆ ನೆನೆಸೋದು? ಒಂದೇ ಸ್ಟೇಷನ್ ಕಾಡುತ್ತಿದ್ದರೆ ಆರ್‌ಜಿ-58 ಕೇಬಲ್ ತುಂಡು (ಸ್ಟಬ್) ಸಾಕು, ಅದನ್ನು ನುಂಗಿಬಿಡುತ್ತೆ. 100 ಮೆಗಾಹರ್ಟ್ಸ್‌ಗೆ 49.5 ಸೆಂ.ಮೀ., ಒಂದು ತುದಿ ತೆರೆದೇ ಬಿಟ್ಟು, ಇನ್ನೊಂದನ್ನು ಟೀ ಕನೆಕ್ಟರ್‌ನಿಂದ ಆಂಟೆನಾ ಕೇಬಲ್‌ಗೆ ಸೇರಿಸಿ. 

ಕಡಲತಡಿ:
ಅದು 137.9ರಲ್ಲೂ ಸುಮಾರು 2 ಡಿಬಿ ತಿನ್ನುತ್ತೆ. ಎರಡರಷ್ಟು ಉದ್ದ, 99 ಸೆಂ.ಮೀ. ತಗೊಂಡು ತುದಿ ಶಾರ್ಟ್ ಮಾಡಿ (ಒಳ ತಂತಿಯನ್ನು ಹೊರ ಜಾಲರಿಗೆ ಸೇರಿಸಿ), 0.2 ಡಿಬಿ ಅಷ್ಟೇ ಹೋಗೋದು. ಕೇಬಲ್ ಒಳಗೆ ಫೋಮ್ ಇದ್ದರೆ ಅಳತೆ ಬೇರೆ. ಉದ್ದವಾಗೇ ಕತ್ತರಿಸಿ, ಆಮೇಲೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ.

ತಾರಸಿ_ತಂತಿ:
ಕತ್ತರಿಸಿದೆ. ಮಳೆ ಬರ್ತಿತ್ತು ಅಂತ ಡಾಂಗಲ್ ಹತ್ತಿರಾನೇ ಹಾಕಿದೆ. ಹಾಡೂ ಇಲ್ಲ, ಏನೂ ಇಲ್ಲ, ಎಲ್‌ಎನ್‌ಎ ಲೈಟೇ ಹತ್ತುತ್ತಿಲ್ಲ.

ಬೆಸುಗೆ:
ಬಯಾಸ್ ಟೀ ಪವರ್ ಅನ್ನು ನೀವೇ ಶಾರ್ಟ್ ಮಾಡಿದ್ದೀರಿ!! ತಕ್ಷಣ ಬಿಚ್ಚಿ. ಎಲ್‌ಎನ್‌ಎಗಿಂತ ಮುಂಚೆ ಅಂತ ಹೇಳಿದ್ದಲ್ವಾ?

ತಾರಸಿ_ತಂತಿ:
ಪುಣ್ಯಕ್ಕೆ ಏನೂ ಸುಟ್ಟಿಲ್ಲ. ಮೇಲೆ ಊಟದ ಡಬ್ಬಿಯೊಳಗೆ ನಾಚ್ ಫಿಲ್ಟರ್, ಆಮೇಲೆ ಎಲ್‌ಎನ್‌ಎ ಇಟ್ಟೆ, ಸ್ಟಬ್ ಬಿಟ್ಟೆ. ಹಾಡು ಹೋಯಿತು. ನಿನ್ನೆ ಸಂಜೆ ಅರಬ್ಬೀ ಸಮುದ್ರದ ಮೋಡ ಬಂತು! ವಾಟರ್‌ಫಾಲ್‌ನಲ್ಲಿ (ಪರದೆ ಮೇಲೆ ಸಿಗ್ನಲ್ ತೋರಿಸೋ ಚಿತ್ರ) ಸಮ ಅಂತರದಲ್ಲಿ ಉದ್ದುದ್ದ ಗೆರೆಗಳು ಮಾತ್ರ ಇನ್ನೂ ಇವೆ. ಅದಕ್ಕೆ ಯಾವ ಫಿಲ್ಟರ್?

ಹಳೇವಾಲ್ವ್:
ನಿಮ್ಮನೆ ಮೇನ್ ಸ್ವಿಚ್ ಎಲ್ಲಿದೆ ಗೊತ್ತಲ್ವಾ?