ಪಂಪ್‌ಮನೆ ಹಿಂದಿನ ನಾಯಿಮರಿಗಳಿಗೆ ಚರ್ಮರೋಗ: ದಯವಿಟ್ಟು ಎಲ್ಲರೂ ಓದಿ

ಉದ್ಯಾನದ ಎದುರು ಮನೆ:
ಎಲ್ಲರಿಗೂ ನಮಸ್ಕಾರ. ಪಂಪ್‌ಮನೆಯ ಹಿಂದೆ ಮರಿ ಹಾಕಿರುವ ಕಂದು ನಾಯಿಯನ್ನು ನೀವೆಲ್ಲ ಬಲ್ಲಿರಿ. ಮರಿಗಳಿಗೆ ಈಗ ಎರಡು ತಿಂಗಳು ತುಂಬುತ್ತಿದೆ. ನಾಲ್ಕರಲ್ಲಿ ಮೂರಕ್ಕೆ ಮೈಮೇಲೆ ಏನಾದರೊಂದು ತೊಂದರೆಯಿದೆ. ಬಿಳಿ ಮರಿಯ ಕಿವಿಯಂಚು ದಪ್ಪವಾಗಿ ಹಕ್ಕಳೆ ಕಟ್ಟಿದೆ, ಮೊಣಕೈ ಬೋಳಾಗಿದೆ. ಹಾಲು ಕುಡಿಯುತ್ತಿದ್ದರೂ ನಡುವೆಯೇ ಮೊಲೆ ಬಿಟ್ಟು ಕೆರೆದುಕೊಳ್ಳುತ್ತದೆ. ಕಪ್ಪು ಮರಿಗೆ ಕಣ್ಣಿನ ಸುತ್ತ ಮತ್ತು ಮೂತಿಯ ಪಕ್ಕದಲ್ಲಿ ಕೂದಲು ಉದುರಿದೆ, ಆದರೆ ಅದು ಕೆರೆದುಕೊಳ್ಳುವುದೇ ಇಲ್ಲ. ಮೂರನೆಯದರ ಹೊಟ್ಟೆಯ ಮೇಲೆ ಸಣ್ಣ ಕೀವುಗುಳ್ಳೆಗಳಿವೆ.

ಇವತ್ತು ಬೆಳಿಗ್ಗೆ ಬಿಳಿ ಮರಿಯ ಬೆನ್ನಿಗೆ ಯಾರೋ ಹಳೆಯ ಇಂಜಿನ್ ಆಯಿಲ್ ಬಳಿದಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿರಬಹುದು. ಆದರೆ ಅದು ಔಷಧಿಯಲ್ಲ, ವಿಷ. ಮರಿ ಮೈ ನೆಕ್ಕಿಕೊಳ್ಳುತ್ತದೆ, ತಾಯಿಯೂ ಮರಿಯನ್ನು ನೆಕ್ಕುತ್ತದೆ. ಮೊಲೆಗೆ ತಗುಲಿದರೆ ಉಳಿದ ಮರಿಗಳ ಬಾಯಿಗೂ ಹೋಗುತ್ತದೆ. ಪಾತ್ರೆ ತೊಳೆಯುವ ಸೋಪಿನಿಂದ ಬೆಚ್ಚಗಿನ ನೀರಿನಲ್ಲಿ ತೊಳೆದು, ಚೆನ್ನಾಗಿ ಒರೆಸಿ ತಾಯಿಯ ಬಳಿ ಬಿಟ್ಟಿದ್ದೇನೆ. ದಯವಿಟ್ಟು ಇನ್ನು ಯಾರೂ ಏನನ್ನೂ ಹಚ್ಚಬೇಡಿ.

ಮೂಲೆಮನೆ, ಮೊದಲ ಮಹಡಿ:
ಮೇಡಂ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ನನ್ನ ಮಗಳು ವಾರದಿಂದ ಆ ಬಿಳಿ ಮರಿಯನ್ನು ಎತ್ತಿಕೊಂಡು ಆಡಿಸುತ್ತಿದ್ದಳು. ಈಗ ಅವಳ ಮುಂಗೈ ಮೇಲೂ ಹೊಟ್ಟೆಯ ಮೇಲೂ ಕೆಂಪು ಗುಳ್ಳೆಗಳೆದ್ದಿವೆ. ರಾತ್ರಿಯೆಲ್ಲ ತುರಿಸಿಕೊಳ್ಳುತ್ತಾಳೆ. ಮರಿಗಳನ್ನು ಊರಾಚೆ ಎಲ್ಲಾದರೂ ಬಿಟ್ಟು ಬರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಸಂಘದ ಕಾರ್ಯದರ್ಶಿ:
ಇದೇ ಮಾತನ್ನು ಬೇರೆಯವರೂ ನನಗೆ ಹೇಳಿದ್ದಾರೆ. ಭಾನುವಾರದೊಳಗೆ ಒಂದು ತೀರ್ಮಾನಕ್ಕೆ ಬರಬೇಕು. ವಾಹನ ಕೊಡಲು ಒಬ್ಬರು ಸಿದ್ಧರಿದ್ದಾರೆ.

ಉದ್ಯಾನದ ಎದುರು ಮನೆ:
ಕಾರ್ಯದರ್ಶಿಗಳೇ, ಆ ವಾಹನ ನಮಗೆ ಖಂಡಿತ ಬೇಕು. ಆದರೆ ಶನಿವಾರ ಪಶು ಆಸ್ಪತ್ರೆಗೆ ಹೋಗಲು ಬೇಕು. ನಾನು ಅಂಥ ಆಸ್ಪತ್ರೆಯಲ್ಲಿ ಬಹುಕಾಲ ಗಾಯ ಕಟ್ಟುವ ಕೆಲಸ ಮಾಡಿದವಳು. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರಿಸಬೇಡಿ.

ಮೊದಲು ಮಗುವಿನ ವಿಷಯ. ಬಿಳಿ ಮರಿಯ ಲಕ್ಷಣಗಳನ್ನು ನೋಡಿದರೆ ಸಾರ್ಕಾಪ್ಟಿಸ್ ಎಂಬ ನುಸಿಯ ಕಜ್ಜಿ ಎಂಬ ಅನುಮಾನ ಬರುತ್ತದೆ. ಈ ನುಸಿ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಮತ್ತೆ ಮೊಟ್ಟೆಯಿಡುವ ನುಸಿಯಾಗಲು ಸುಮಾರು ಮೂರು ವಾರ ಬೇಕು. ನಾಯಿಯಿಂದ ನಾಯಿಗೆ ಬಹಳ ಬೇಗ ಹರಡುತ್ತದೆ, ಮನುಷ್ಯರಿಗೂ ಹತ್ತುತ್ತದೆ. ಆದರೆ ನಾಯಿಯ ನುಸಿಗೆ ನಮ್ಮ ಚರ್ಮದ ಮೇಲೆ ಸಂತಾನ ಬೆಳೆಸಲಾಗುವುದಿಲ್ಲ. ಮರಿಗೆ ಚಿಕಿತ್ಸೆಯಾಗಿ ಸಂಪರ್ಕ ತಪ್ಪಿದರೆ ಮಗುವಿನ ತುರಿಕೆ ತಾನಾಗಿ ಇಳಿಯುತ್ತದೆ. ಆದರೂ ಇವತ್ತೇ ಚರ್ಮವೈದ್ಯರಿಗೆ ತೋರಿಸಿ. ನಾಯಿಮರಿಯನ್ನು ಎತ್ತಿಕೊಂಡಿದ್ದಳು ಎಂಬುದನ್ನು ಮರೆಯದೆ ಹೇಳಿ, ಅದೊಂದು ಮಾತಿನಿಂದ ಅವರಿಗೆ ಅರ್ಧ ದಾರಿ ಸಿಗುತ್ತದೆ.

ಇನ್ನು ಸಾಗಿಸುವ ಮಾತು. ಬಿಳಿ ಮರಿಗೆ ಹತ್ತಿದ್ದು ತಾಯಿಗೂ, ಅದರ ಜೊತೆ ಮಲಗುವ ಇತರ ನಾಯಿಗಳಿಗೂ ಆಗಲೇ ಹತ್ತಿರಬಹುದು. ಹೊಸದಾಗಿ ತಗುಲಿದ ನಾಯಿ ಕೆರೆದುಕೊಳ್ಳಲು ಆರಂಭಿಸುವುದಕ್ಕೆ ಎಷ್ಟೋ ವಾರ ಹಿಡಿಯುವುದುಂಟು. ಮರಿಗಳನ್ನು ಮಾತ್ರ ಬಿಟ್ಟುಬಂದರೆ ನುಸಿ ಇಲ್ಲೇ ಉಳಿಯುತ್ತದೆ, ಮರಿಗಳು ಅಲ್ಲಿ ಸಾಯುತ್ತವೆ. ಹಾಲು ಬಿಡಿಸದ, ಮೈಯಲ್ಲಿ ಕೂದಲಿಲ್ಲದ ಮರಿ ತಾಯಿಯ ಕಾವಿಲ್ಲದೆ ಎಷ್ಟು ರಾತ್ರಿ ತಡೆದೀತು?

ಕಪ್ಪು ಮರಿಯದು ಬೇರೆಯೇ ಕಥೆ. ತುರಿಕೆಯಿಲ್ಲದೆ ಕಣ್ಣು, ಬಾಯಿ, ಮುಂಗಾಲಿನ ಬಳಿ ಬೋಳಾದರೆ ಡೆಮೊಡೆಕ್ಸ್ ಇರಬಹುದು. ಇದೂ ನುಸಿಯೇ, ಆದರೆ ಕೂದಲಿನ ಬುಡದಲ್ಲಿ ವಾಸಿಸುವಂಥದ್ದು. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಹಾಲು ಕುಡಿಯುವಾಗ ತಾಯಿಯಿಂದ ಮರಿಗೆ ದಾಟುತ್ತದೆ. ಆರೋಗ್ಯವಾಗಿರುವ ನಾಯಿಗಳ ಮೈಮೇಲೂ ಸ್ವಲ್ಪ ಇದ್ದೇ ಇರುತ್ತದೆ. ಮರಿಯ ರೋಗನಿರೋಧಕ ಶಕ್ತಿ ಇನ್ನೂ ಬಲಿತಿಲ್ಲದಿದ್ದಾಗ ಲೆಕ್ಕ ಮೀರಿ ಬೆಳೆಯುತ್ತದೆ. ಇದು ಮಕ್ಕಳಿಗೆ ಹತ್ತುವುದಿಲ್ಲ. ಒಂದೆರಡು ಮಚ್ಚೆ ಮಾತ್ರ ಇದ್ದರೆ ಬಹುತೇಕ ತಾನಾಗಿಯೇ ಮಾಯುತ್ತದೆ. ಮೈತುಂಬ ಹರಡಿದರೆ ಚಿಕಿತ್ಸೆ ಬೇಕೇ ಬೇಕು.

ಹೊಟ್ಟೆಯ ಕೀವುಗುಳ್ಳೆಗಳು ಎಳೆಯ ಮರಿಗಳಲ್ಲಿ ಸಾಮಾನ್ಯ. ಬ್ಯಾಕ್ಟೀರಿಯಾದ ಸೋಂಕು. ಜಾಗ ಒಣಗಿದ್ದು ಚೊಕ್ಕಟವಾಗಿದ್ದರೆ ಹೆಚ್ಚು ಕಾಟ ಕೊಡುವುದಿಲ್ಲ.

ಕೊನೆಯ ಸಾಲು, ಮೇಷ್ಟ್ರು:
ತಂಗೀ, ನಮ್ಮ ಹಳೆಯ ಮನೆಯಲ್ಲಿ ನಾಯಿಗೆ ಕಜ್ಜಿಯಾದರೆ ಗಂಧಕವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ಅದೂ ತಪ್ಪೇ?

ಉದ್ಯಾನದ ಎದುರು ಮನೆ:
ಮೇಷ್ಟ್ರೇ, ಗಂಧಕಕ್ಕೆ ನುಸಿ ಕೊಲ್ಲುವ ಗುಣ ನಿಜವಾಗಿಯೂ ಇದೆ. ಸುಣ್ಣ ಮತ್ತು ಗಂಧಕದ ದ್ರಾವಣವನ್ನು ಪಶುವೈದ್ಯರು ಈಗಲೂ ಬಳಸುತ್ತಾರೆ. ಆದರೆ ಅದರ ಪ್ರಮಾಣವನ್ನು ನಾವು ಕಣ್ಣಳತೆಯಲ್ಲಿ ನಿರ್ಧರಿಸುವಂತಿಲ್ಲ. ದೊಡ್ಡ ನಾಯಿ ತಡೆದುಕೊಂಡದ್ದನ್ನು ಅಂಗೈಯಗಲದ ಮರಿ ತಡೆದುಕೊಳ್ಳಲಾರದು. ಸೀಮೆಎಣ್ಣೆ, ಫಿನಾಯಿಲ್, ನೆಲ ಒರೆಸುವ ದ್ರಾವಣ ಇವಂತೂ ಚರ್ಮವನ್ನೇ ಸುಡುತ್ತವೆ.

ಎರಡನೇ ಅಡ್ಡರಸ್ತೆ, ಹಸಿರು ಗೇಟು:
ನಮ್ಮ ಮನೆಯಲ್ಲಿ ಹುಳು, ನುಸಿ ಕೊಲ್ಲುವ ಐವರ್ಮೆಕ್ಟಿನ್ ಮಾತ್ರೆ ಉಳಿದಿದೆ. ಕಾಲು ಭಾಗ ಪುಡಿ ಮಾಡಿ ಹಾಲಿನಲ್ಲಿ ಕೊಟ್ಟರೆ ಆಗುವುದಿಲ್ಲವೇ?

ಉದ್ಯಾನದ ಎದುರು ಮನೆ:
ಬೇಡ. ಖಂಡಿತ ಬೇಡ. ಕೆಲವು ನಾಯಿಗಳಲ್ಲಿ, ಅದರಲ್ಲೂ ಕೋಲಿಯಂಥ ಕುರಿ ಕಾಯುವ ತಳಿಗಳಲ್ಲಿ, ಎಂಡಿಆರ್‌1 ಎಂಬ ಜೀನ್‌ನಲ್ಲಿ ದೋಷವಿರುತ್ತದೆ. ಅಂಥ ನಾಯಿಗಳಲ್ಲಿ ಈ ಔಷಧಿ ಮಿದುಳಿಗೆ ನುಗ್ಗುತ್ತದೆ. ತೂರಾಡುವುದು, ಕಣ್ಣು ಕಾಣದಿರುವುದು, ಪ್ರಜ್ಞೆ ತಪ್ಪುವುದು, ಸಾವು ಎಲ್ಲವೂ ಆಗಬಹುದು. ಬೀದಿಮರಿಯಲ್ಲಿ ಯಾವ ತಳಿಯ ರಕ್ತವಿದೆ ಎಂದು ನೋಡಿ ಹೇಳಲಾಗುವುದಿಲ್ಲ. ಜೊತೆಗೆ ಅಷ್ಟು ಸಣ್ಣ ದೇಹಕ್ಕೆ ಮಾತ್ರೆಯ ಕಾಲು ಭಾಗವೂ ವಿಪರೀತ ಪ್ರಮಾಣ.

ಎರಡನೇ ಅಡ್ಡರಸ್ತೆ, ಹಸಿರು ಗೇಟು:
ಸರಿ ಅಕ್ಕ, ಕೊಡುವುದಿಲ್ಲ. ಶನಿವಾರ ಜೊತೆಗೆ ಬರುತ್ತೇನೆ.

ನೀರಿನ ಟ್ಯಾಂಕ್ ಪಕ್ಕದ ಮನೆ:
ನಾವು ಬೆಕ್ಕು ಸಾಕಿದ್ದೇವೆ. ಅದು ಆ ಕಡೆ ಸುತ್ತುತ್ತಿರುತ್ತದೆ. ಚಿಗಟ ಬಂದೀತೆಂದು ನಾಯಿಗೆ ಹಾಕುವ ಔಷಧಿಯನ್ನು ಅದಕ್ಕೂ ಹಾಕೋಣವೆಂದಿದ್ದೆ.

ಉದ್ಯಾನದ ಎದುರು ಮನೆ:
ಕೇಳಿದ್ದು ಒಳ್ಳೆಯದಾಯಿತು. ನಾಯಿಯ ಕೆಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಅದು ಬೆಕ್ಕಿಗೆ ಪ್ರಾಣಾಂತಿಕ. ಬೆಕ್ಕಿಗೆಂದೇ ತಯಾರಾದದ್ದನ್ನು ಮಾತ್ರ ಹಾಕಿ.

ಚಿಗಟ ಇದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಮರಿಯನ್ನು ನಿಲ್ಲಿಸಿ, ಬಾಲದ ಬುಡದಲ್ಲಿ ಕೂದಲನ್ನು ಹಿಮ್ಮುಖವಾಗಿ ಬಾಚಿ. ಕರಿಮೆಣಸಿನ ಪುಡಿಯಂಥ ಕಪ್ಪು ಚುಕ್ಕೆಗಳು ಉದುರುತ್ತವೆ. ಮಣ್ಣಾದರೆ ಹಾಗೆಯೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ಚುಕ್ಕೆಯ ಸುತ್ತ ಬಟ್ಟೆಯಲ್ಲಿ ಕೆಂಗಂದು ಬಣ್ಣ ಹರಡುತ್ತದೆ, ಅದು ಮರಿಯ ರಕ್ತವೇ. ಇಂದು ಸಂಜೆ ನಾಲ್ಕು ಮರಿಗಳನ್ನೂ ಹಾಗೆ ನೋಡಿದೆ, ಬಟ್ಟೆ ಕೆಂಪಾಯಿತು. ಎಳೆಯ ಮರಿಗಳಿಗೆ ಚಿಗಟ ಹೆಚ್ಚಾದರೆ ರಕ್ತಹೀನತೆಯಿಂದಲೇ ಸಾಯುವುದುಂಟು. ಒಸಡು ಬಿಳಿಚಿಕೊಂಡ ಮರಿ ಕಂಡರೆ ಶನಿವಾರಕ್ಕೆ ಕಾಯಬೇಡಿ, ನಡುರಾತ್ರಿಯಾದರೂ ನನ್ನ ಮನೆಯ ಗಂಟೆ ಒತ್ತಿ. ಹಾಗೆಯೇ ಮುಖ ಊದಿಕೊಂಡು, ದವಡೆಯ ಕೆಳಗೆ ಗಡ್ಡೆ ಎದ್ದರೂ ಕೂಡಲೇ ಹೇಳಿ. ಎಳೆಮರಿಗಳಲ್ಲಿ ಹಾಗಾಗುವ ಒಂದು ಕಾಯಿಲೆ ಬರಿಯ ಆಂಟಿಬಯೋಟಿಕ್‌ನಿಂದ ವಾಸಿಯಾಗುವುದಿಲ್ಲ, ತಡಮಾಡಿದರೆ ಮುಖದಲ್ಲಿ ಗಾಯದ ಗುರುತು ಉಳಿದುಬಿಡುತ್ತದೆ.

ಸಂಘದ ಕಾರ್ಯದರ್ಶಿ:
ಹಾಗಾದರೆ ಮರಿಗಳನ್ನು ಸಾಗಿಸುವ ಪ್ರಸ್ತಾಪವನ್ನು ಕೈಬಿಟ್ಟಿದ್ದೇವೆ. ಶನಿವಾರ ಬೆಳಿಗ್ಗೆ ವಾಹನ ಪಂಪ್‌ಮನೆ ಬಳಿ ಬರುತ್ತದೆ. ತಾಯಿ ನಾಯಿಯೂ ಹೋಗಬೇಕೇ?

ಉದ್ಯಾನದ ಎದುರು ಮನೆ:
ಹೋಗಲೇಬೇಕು. ತಾಯಿಗೆ ಔಷಧಿಯಾಗದಿದ್ದರೆ ಮರಿಗಳಿಗೆ ಮಾಡಿದ್ದೆಲ್ಲ ವ್ಯರ್ಥ.

(ಶನಿವಾರ)

ಉದ್ಯಾನದ ಎದುರು ಮನೆ:
ಹೋಗಿ ಬಂದೆವು. ವೈದ್ಯರು ಬಿಳಿ ಮರಿಯ ಕಿವಿಯಂಚನ್ನು ಬೆರಳುಗಳ ನಡುವೆ ಮೆಲ್ಲಗೆ ಉಜ್ಜಿದರು. ತಕ್ಷಣ ಅದರ ಹಿಂಗಾಲು ಗಾಳಿಯಲ್ಲೇ ಕೆರೆಯತೊಡಗಿತು. ಸಾರ್ಕಾಪ್ಟಿಸ್ ಕಜ್ಜಿಯ ಬಲವಾದ ಸೂಚನೆ ಅದು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನುಸಿ ಸಿಗಲಿಲ್ಲ. ಅದನ್ನು ನೋಡಿ ರೋಗವಿಲ್ಲ ಎಂದುಕೊಳ್ಳಬೇಡಿ, ಈ ನುಸಿ ಇದ್ದರೂ ಪರೀಕ್ಷೆಯಲ್ಲಿ ಅನೇಕ ಸಲ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಲಕ್ಷಣ ನೋಡಿಯೇ ಚಿಕಿತ್ಸೆ ಆರಂಭಿಸಿದ್ದಾರೆ. ಕಪ್ಪು ಮರಿಯ ಮಾದರಿಯಲ್ಲಿ ಡೆಮೊಡೆಕ್ಸ್ ಸ್ಪಷ್ಟವಾಗಿ ಕಂಡಿತು, ಉದ್ದನೆಯ ಮೈ, ಮುಂಭಾಗದಲ್ಲಿ ಮೋಟು ಕಾಲುಗಳು. ನನಗೂ ತೋರಿಸಿದರು. ಗುಳ್ಳೆಗಳಿರುವ ಮರಿಗೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಒರೆಸಬೇಕು. ಕೂದಲಿನ ಮಾದರಿಯನ್ನು ಶಿಲೀಂಧ್ರ ಪರೀಕ್ಷೆಗೂ ಕಳಿಸಿದ್ದಾರೆ, ಫಲಿತಾಂಶಕ್ಕೆ ಎರಡು ಮೂರು ವಾರ ಬೇಕಾಗಬಹುದು. ಹುಳುಕಡ್ಡಿ ಇಲ್ಲವೆಂದು ಖಚಿತವಾಗುವವರೆಗೆ ಮಕ್ಕಳು ಮುಟ್ಟುವುದು ಬೇಡ. ಆ ಶಿಲೀಂಧ್ರದ ಬೀಜಕಣಗಳು ಉದುರಿದ ಕೂದಲಿನಲ್ಲಿ ವರ್ಷಕ್ಕೂ ಮಿಕ್ಕಿ ಜೀವಂತವಾಗಿರಬಲ್ಲವು.

ಚಿಗಟ ಮತ್ತು ನುಸಿಗಳಿಗೆ ಕೊಡುವ ಔಷಧಿಯನ್ನು ವಯಸ್ಸು ವಿಚಾರಿಸಿ, ಪ್ರತಿ ಮರಿಯನ್ನು ತಕ್ಕಡಿಯಲ್ಲಿಟ್ಟು ತೂಗಿಯೇ ಕೊಟ್ಟರು. ಜಂತುಹುಳುವಿನ ಔಷಧಿಯೂ ಆಯಿತು. ತಾಯಿಗೂ ಕೊಟ್ಟಿದ್ದಾರೆ. ಮನೆನಾಯಿಗಳು ಇವುಗಳ ಹತ್ತಿರ ಸುಳಿದಿದ್ದರೆ ಅವುಗಳನ್ನೂ ತೋರಿಸಬೇಕಂತೆ.

ಈಗ ಕೆಲಸ. ಅವು ಮಲಗುವ ಗೋಣಿಚೀಲಗಳನ್ನು ಇವತ್ತೇ ತೆಗೆದು ಎಸೆಯಬೇಕು. ಹಳೆಯ ಹತ್ತಿ ಬಟ್ಟೆ ಯಾರಲ್ಲಿದೆ? ಅದನ್ನು ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ, ಆಗಾಗ ಬದಲಿಸುತ್ತಿರಬೇಕು. ಚಿಗಟದ ಮೊಟ್ಟೆ, ಮರಿಹುಳು, ಕೋಶಗಳೆಲ್ಲ ನಾಯಿಯ ಮೈಗಿಂತ ಹಾಸಿಗೆ ಮತ್ತು ನೆಲದ ಸಂದುಗಳಲ್ಲೇ ಹೆಚ್ಚು.

ಮೂಲೆಮನೆ, ಮೊದಲ ಮಹಡಿ:
ಬಟ್ಟೆ ನಾನು ಕೊಡುತ್ತೇನೆ, ಒಗೆಯುವುದೂ ನನ್ನದೇ. ಚರ್ಮವೈದ್ಯರು ನೀವು ಹೇಳಿದ್ದನ್ನೇ ಹೇಳಿದರು. ಮುಲಾಮು ಕೊಟ್ಟಿದ್ದಾರೆ, ನಿನ್ನೆ ರಾತ್ರಿ ಮಗಳು ನಿದ್ದೆ ಮಾಡಿದಳು. ಮೊದಲು ಹಾಗೆ ಬರೆದದ್ದು ಗಾಬರಿಯಿಂದ ಮೇಡಂ.

ಉದ್ಯಾನದ ಎದುರು ಮನೆ:
ಮಗುವಿಗೆ ಹಾಗಾದರೆ ಯಾವ ತಾಯಿಗೂ ಗಾಬರಿಯಾಗುತ್ತದೆ. ಬಟ್ಟೆ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ.

ಕೊನೆಯ ಸಾಲು, ಮೇಷ್ಟ್ರು:
ದಿನಾ ಬೆಳಿಗ್ಗೆ ನಡೆಯಲು ಹೋಗುವಾಗ ಗುಳ್ಳೆ ಮರಿಯನ್ನು ನಾನು ಒರೆಸುತ್ತೇನೆ. ಹೇಗೆಂದು ಒಮ್ಮೆ ತೋರಿಸಿಕೊಡು.

ಎರಡನೇ ಅಡ್ಡರಸ್ತೆ, ಹಸಿರು ಗೇಟು:
ಪ್ರತಿ ಭಾನುವಾರ ನಾಲ್ಕೂ ಮರಿಗಳ ಫೋಟೋ ತೆಗೆದು ಇಲ್ಲಿ ಹಾಕುತ್ತೇನೆ. ಕಪ್ಪು ಮರಿಯ ಮಚ್ಚೆ ಕಿರಿದಾಗುತ್ತಿದೆಯೋ ಹರಡುತ್ತಿದೆಯೋ ಎಲ್ಲರಿಗೂ ಗೊತ್ತಾಗಲಿ.

ಸಂಘದ ಕಾರ್ಯದರ್ಶಿ:
ಪಂಪ್‌ಮನೆಯ ಬೀಗದ ಕೈ ಕಾವಲುಗಾರರ ಬಳಿ ಇದೆ. ಮಳೆ ಬಂದರೆ ಒಳಗಿನ ಒಣ ಮೂಲೆಯನ್ನು ಬಳಸಿಕೊಳ್ಳಿ, ವಿದ್ಯುತ್ ಪೆಟ್ಟಿಗೆಯಿಂದ ದೂರ. ಮುಂದಿನ ತಿಂಗಳ ಮರುಪರೀಕ್ಷೆಗೂ ಲಸಿಕೆಗೂ ವಾಹನ ಬರುತ್ತದೆ, ಮಾತಾಡಿದ್ದೇನೆ.